ಪಟ್ಟಿ ಮರಿ ಹುಂಜ, ಕರಿ ಮರಿ ಹ್ಯಾಟಿ: ಮಿಕ್ಸ್ ಮರಿಯಾಗ ಗಂಡು ಹೆಣ್ಣು ಗುರುತು ಹಿಡಿಯೋದು ಹೆಂಗ?

ಪ್ರಶ್ನೆ: ಸರ್, ನಾವು ಯಲಬುರ್ಗಾ ಕಡೆಯವ್ರು. ಮನ್ಯಾಗ ಒಂದು ಕಡಕ್‌ನಾಥ್ ಹುಂಜ, ನಾಲ್ಕು ಹ್ಯಾಟಿ ಅದಾವು. ಒಂದು ಮೈತುಂಬ ಕರಿ-ಬಿಳಿ ಪಟ್ಟಿ ಇರೋದು, ಒಂದು ಹಳದಿ ಕಾಲಿನ ಕೆಂಪು ಹ್ಯಾಟಿ, ಒಂದು ಬೋಳು ಕುತ್ತಿಗಿದು, ಇನ್ನೊಂದು ನಮ್ಮತ್ತಿ ಕಾಲದಿಂದ ಬಂದ ಜವಾರಿ, ಅದರ ಕಾಲು ಕರಿಹಸರು. ಎಲ್ಲಾ ತತ್ತಿ ಕೂಡಿಸಿ ಎರಡು ಹ್ಯಾಟಿ ಕೆಳಗ ಕಾವಿಗೆ ಇಟ್ಟಿದ್ವಿ, 23 ಮರಿ ಉಳದಾವು, ಈಗ ಐದು ವಾರ ಆತು. ಹುಂಜ ಜಾತ್ರಿಗೆ ಮಾರಬೇಕು, ಹ್ಯಾಟಿ ತತ್ತಿಗೆ ಇಟ್ಕೋಬೇಕು. ಬಣ್ಣ ನೋಡಿ ಈಗ ಗಂಡು ಹೆಣ್ಣು ಹೇಳಾಕ ಬರತೈತೇನ್ರಿ? ಮುಂದಿನ ವರ್ಷ ಇವುಗಳ ಪೈಕಿನ ಒಂದು ಹುಂಜ ಇಟ್ಕೊಂಡು ಮರಿ ಮಾಡಿಸಿದ್ರ ಇದೇ ಗುರುತು ನಡೀತೈತೇನು?

ಉತ್ತರ: ನಮಸ್ಕಾರ್ರಿ ಅಕ್ಕಾರ. ನಿಮ್ಮ ಪ್ರಶ್ನೆ ಓದಿ ಖರೇನ ಖುಷಿ ಆತು, ಯಾಕಂದ್ರ ಹೆಚ್ಚಿನವ್ರು ಒಂದು ಮರಿ ಫೋಟೋ ಕಳಿಸಿ "ಇದು ಹುಂಜೋ ಹ್ಯಾಟಿಯೋ" ಅಂತ ಅಷ್ಟೇ ಕೇಳ್ತಾರ, ನೀವು ಅಪ್ಪ ಯಾವ್ದು, ಅವ್ವ ಯಾವ್ದು, ಯಾವ್ದರ ಕಾಲು ಯಾವ ಬಣ್ಣ ಅನ್ನೋದನ್ನೂ ಬರದೀರಿ. ಅರ್ಧ ಉತ್ತರ ಅದರಾಗ ಐತಿ. ಬರೇ ಬಣ್ಣ ನೋಡಿ ಗಂಡು ಹೆಣ್ಣು ಹೇಳಾಕ ಬರಂಗಿಲ್ರಿ, ಆದ್ರ ಇಂಥಾ ಅಪ್ಪ ಇಂಥಾ ಅವ್ವ ಅಂತ ಗೊತ್ತಿದ್ದು ಆಮ್ಯಾಲೆ ಬಣ್ಣ ನೋಡಿದ್ರ ಒಮ್ಮೊಮ್ಮೆ ಒಂದು ದಿನದ ಮರಿನೂ ಹಿಡದು ಹೇಳಬೋದು. ನಿಮ್ಮ ನಸೀಬು ಚಲೋ ಐತಿ, ನಿಮ್ಮ ಹುಂಜ ಆ ಕೆಲಸಕ್ಕ ಭಾಳ ಛಲೋ ಹುಂಜ. ತೊಂದ್ರಿ ಒಂದೇ, ತತ್ತಿ ಎಲ್ಲಾ ಕೂಡಿಸಿಬಿಟ್ಟೀರಿ. ಇರ್ಲಿ, ಬಿಡಿಸೋಣ.

ಮೊದಲು ಒಂದು ಮಾತು ತಿಳ್ಕೊಂಡ್ರ ಮುಂದಿನದ್ದೆಲ್ಲ ಹಗೂರ ಆಗತೈತಿ. ಕೋಳಿ ಮೈಯಾಗ ಅಪ್ಪ ಅವ್ವನ ಗುಣ ಹೊತ್ತು ತರೋ ಕ್ರೋಮೋಸೋಮ್ ಅನ್ನೋ ಎಳಿ 39 ಜೋಡಿ ಇರ್ತಾವು, ಅದರಾಗ ಒಂದು ಜೋಡಿ ಗಂಡು ಹೆಣ್ಣು ನಿರ್ಧಾರ ಮಾಡೋದು. ಹುಂಜಕ್ಕ ಎರಡೂ ಝಡ್. ಹ್ಯಾಟಿಗೆ ಒಂದು ಝಡ್, ಒಂದು ಡಬ್ಲ್ಯೂ. ಹುಂಜ ಯಾವ ಮರಿಗೇ ಕೊಡ್ಲಿ ಝಡ್ಡೇ ಕೊಡತೈತಿ, ಅದರ ಹತ್ರ ಬ್ಯಾರೆ ಇಲ್ಲ. ಹ್ಯಾಟಿ ತನ್ನ ಝಡ್ ಕೊಟ್ರ ಮರಿ ಗಂಡು, ಡಬ್ಲ್ಯೂ ಕೊಟ್ರ ಹೆಣ್ಣು. ಅಂದ್ರ ಏನಾತು? ಮಗ ಅವ್ವನ ಝಡ್ ತಗೊಂಡು ಹೋಗ್ತಾನ. ಮಗಳಿಗೆ ಅವ್ವನ ಝಡ್ ಸಿಗೂದೇ ಇಲ್ಲ, ಅಕಿಗೆ ಇರೋ ಒಂದೇ ಝಡ್ ಅಪ್ಪಂದು. ಹಿಂಗಾಗಿ ಝಡ್ ಮ್ಯಾಲೆ ಕೂತಿರೋ ಗುಣ ಏನೇನು ಅದಾವೋ ಅವೆಲ್ಲ ಅವ್ವನಿಂದ ಮಗನಿಗೆ ಮಾತ್ರ ಹೋಗ್ತಾವು. ಈ ಒಂದು ಸಾಲು ಮನಸಿನ್ಯಾಗ ಇಟ್ಕೊಳ್ರಿ, ಇವತ್ತಿನ ಉತ್ತರ ಪೂರ್ತಿ ಇದರ ಮ್ಯಾಲೆ ನಿಂತೈತಿ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ವಿಷಯ ಬ್ಯಾರೆ ಆದ್ರೂ. ಕೋಳಿಯಾಗ ಮರಿ ಗಂಡೋ ಹೆಣ್ಣೋ ಅನ್ನೋದು ತಾಯಿಯಿಂದ ತೀರ್ಮಾನ ಆಗತೈತಿ, ಮನುಷ್ಯಾರಾಗ ಇದರ ಉಲ್ಟಾ, ತಂದಿಯಿಂದ. ಎರಡು ಹೆಣ್ಣು ಆದವು ಅಂತ ಸೊಸಿನ್ನ ಅನ್ನೋ ಮನಿಗಳು ನಮ್ಮ ಕಡೆ ಇನ್ನೂ ಅದಾವು. ಮರಿ ಬಗ್ಗೆ ಹೇಳಾಕ ಹಳ್ಳಿಗೆ ಹೋದಾಗೆಲ್ಲ ನಾನು ಇದನ್ನ ಹೇಳೇ ಬರ್ತೀನಿ.

ಈಗ ನಿಮ್ಮ ಪಟ್ಟಿ ಹ್ಯಾಟಿಗೆ ಬರೂಣು. ಪುಕ್ಕದ ಮ್ಯಾಲೆ ಅಡ್ಡ ಅಡ್ಡ ಬಿಳಿ ಪಟ್ಟಿ ಹಾಕೋ ಜೀನ್, ಅಂದ್ರ ಆ ಗುಣ ತರೋ ತುಣುಕು, ಝಡ್ ಮ್ಯಾಲೇ ಐತಿ, ಮತ್ತ ಅದು ಜೋರಿನ ಜೀನ್, ಒಂದು ಇದ್ರೂ ಪಟ್ಟಿ ಕಾಣ್ತಾವು. ನಿಮ್ಮ ಹುಂಜ ಪೂರ್ತಿ ಕರೀದು, ಅದಕ್ಕ ಪಟ್ಟಿ ಜೀನ್ ಇಲ್ಲ. ಹಿಂಗಿದ್ದಾಗ ಪಟ್ಟಿ ಹ್ಯಾಟಿಯ ಗಂಡು ಮರಿ ಅಷ್ಟೂ ಅವ್ವನ ಪಟ್ಟಿ ತಗೊಂಡು ಹುಟ್ಟತಾವು, ಹೆಣ್ಣು ಮರಿ ಅಷ್ಟೂ ಅಪ್ಪನಂಗ ಪಟ್ಟಿ ಇಲ್ಲದ ಕರಿ. ಹುಟ್ಟಿದ ದಿನ ನೋಡಿದ್ರ ಗಂಡು ಮರಿ ನೆತ್ತಿ ಮ್ಯಾಲೆ ಒಂದು ಬಿಳಿ ಚುಕ್ಕಿ ಇರತೈತಿ, ಸುಣ್ಣದಾಗ ಬೆರಳು ಅದ್ದಿ ಮುಟ್ಟಿಸಿದಂಗ. ಹೊಟ್ಟಿ ಕೆಳಗ, ರೆಕ್ಕಿ ತುದಿಗೆ ಇರೋ ಬಿಳಿ ನೋಡಿ ಮೋಸ ಹೋಗಬ್ಯಾಡ್ರಿ, ಕರಿ ಕೋಳಿ ಮರಿಗೆ ಅಲ್ಲಿ ಬಿಳಿ ಗಂಡಿಗೂ ಇರತೈತಿ ಹೆಣ್ಣಿಗೂ ಇರತೈತಿ. ನೆತ್ತಿ ಚುಕ್ಕಿ ಅಷ್ಟೇ ಲೆಕ್ಕ. ನಿಮ್ಮ ಮರಿ ಈಗ ಐದು ವಾರದ್ದು, ಆ ಬೂದ್ಲು ಪುಕ್ಕ ಉದುರಿ ಹೋಗಿ ಚುಕ್ಕಿ ಕಾಣಂಗಿಲ್ಲ, ಆದ್ರ ಚಿಂತಿಲ್ಲ, ಈಗ ರೆಕ್ಕಿ ಪುಕ್ಕದಾಗ ಪಟ್ಟಿನೇ ನೇರ ಕಾಣ್ತಾವು.

ಆದ್ರ ಕರಿ-ಬಿಳಿ ಇದ್ದದ್ದೆಲ್ಲ ಪಟ್ಟಿ ಅಲ್ರಿ. ಹ್ಯಾಟಿ ಹಿಡದು ರೆಕ್ಕಿ ಬಿಚ್ಚಿ ಒಂದೇ ಒಂದು ಪುಕ್ಕ ಕಣ್ಣ ಹತ್ರ ತಂದು ನೋಡ್ರಿ. ಬುಡದಿಂದ ತುದಿ ತನಕ ಕರಿ, ಬಿಳಿ, ಕರಿ, ಬಿಳಿ ಅಂತ ಜಮಖಾನಿ ಗೀರಿನಂಗ ಅಡ್ಡಕ್ಕ ಬಂದಿದ್ರ ಅದು ಪಟ್ಟಿ ಜೀನ್. ಪುಕ್ಕದ ತುದಿ ಒಂದೇ ಬೆಳ್ಳಗಿದ್ದು ಉಳದದ್ದು ಕರಿ ಇದ್ರ ಅದು ಚುಕ್ಕಿ ಕೋಳಿ, ಆ ಗುಣ ಝಡ್ ಮ್ಯಾಲೆ ಇಲ್ಲ, ಅದು ಗಂಡು ಹೆಣ್ಣು ಇಬ್ಬರಿಗೂ ಬರತೈತಿ, ಅದರಿಂದ ಏನೂ ಹೇಳಾಕ ಬರಂಗಿಲ್ಲ.

ಒಂದು ಘಟನೆ ಹೇಳ್ತೀನಿ. ನಾನು ಗಂಗಾವತಿಯಾಗ ಮರಿ ಮಾಡಿಸೋ ಕೆಲಸ ಶುರು ಮಾಡಿದ ಹೊಸದ್ರಾಗ ಒಂದು ಮಹಿಳಾ ಸಂಘದವ್ರು ಬುಟ್ಟಿ ತುಂಬ ಮರಿ ತಂದು ವಿಂಗಡಿಸಿ ಕೊಡ್ರಿ ಅಂದ್ರು. ಪಟ್ಟಿ ಇದ್ದದ್ದು ಹುಂಜ, ಇಲ್ಲದ್ದು ಹ್ಯಾಟಿ ಅಂತ ನಾನು ಬ್ಯಾರೆ ಮಾಡಿ ಕೊಟ್ಟುಬಿಟ್ಟೆ, ಅಪ್ಪ ಯಾವ ಹುಂಜ ಅಂತ ಕೇಳಲಿಲ್ಲ. ಅಪ್ಪನೇ ಪಟ್ಟಿ ಹುಂಜ ಇತ್ತು, ಅದೂ ಮಿಕ್ಸ್. ಅಂಥಾ ಹುಂಜದ ಮರಿಯಾಗ ಗಂಡಿಗೂ ಅರ್ಧ ಪಟ್ಟಿ, ಹೆಣ್ಣಿಗೂ ಅರ್ಧ ಪಟ್ಟಿ. ಅವ್ರು ನನ್ನ ಮಾತು ನಂಬಿ ಪಟ್ಟಿ ಮರಿ ಅಷ್ಟೂ ಸಂತ್ಯಾಗ ಮಾರಿದ್ರು, ಅದರಾಗ ತತ್ತಿ ಇಡೋ ಹ್ಯಾಟಿಗಳು ಹೋದವು, ಮನ್ಯಾಗ ಉಳದದ್ದರಾಗ ಅರ್ಧ ಕೂಗಾಕ ಶುರು ಮಾಡಿದವು. ಆ ಹೆಣ್ಮಕ್ಕಳು ಸಾಲ ತಗದು ಮಾಡಿದ ಕೆಲಸ ಅದು. ಅವತ್ತಿನಿಂದ ಅಪ್ಪ ಅವ್ವನ್ನ ನೋಡದ ನಾನು ಬಣ್ಣದ ಮ್ಯಾಲೆ ಒಂದು ಮರಿಗೂ ಮಾತು ಕೊಡಂಗಿಲ್ಲ.

ಇನ್ನ ಹಳದಿ ಕಾಲಿನ ಕೆಂಪು ಹ್ಯಾಟಿ. ಇಲ್ಲಿ ಪುಕ್ಕ ಬಿಡ್ರಿ, ಕಾಲು ನೋಡ್ರಿ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ, ಅಲ್ಲಿ ಭಿಲ್ಲರು ಸಾಕ್ಕೊಂಡು ಬಂದದ್ದು, 2018ರಾಗ ಝಾಬುವಾ ಕಡಕ್‌ನಾಥ್ ಮಾಂಸಕ್ಕ ಜಿಐ ಟ್ಯಾಗ್, ಅಂದ್ರ ಇದು ಇಂಥಾ ಕಡೆಯ ಸರಕು ಅನ್ನೋ ಸರ್ಕಾರಿ ಗುರುತು, ಸಿಕ್ತು. ಅದರ ತೊಗಲು, ಮಾಂಸ, ಎಲುಬಿನ ಮ್ಯಾಲಿನ ಪೊರಿ ಎಲ್ಲಾ ಕರಿ. ಹಂಗ ಕರಿ ಆಗಬೇಕಂದ್ರ ಎರಡು ಸಂಗತಿ ಕೂಡಬೇಕು. ಒಂದು, ಮೈ ಒಳಗೆಲ್ಲ ಕರಿ ಹರಡೋ ಜೀನ್, ಇದು ಝಡ್ ಮ್ಯಾಲೆ ಇಲ್ಲ, ಮಕ್ಕಳಿಗೆಲ್ಲ ಸಮ ಬರತೈತಿ. ಎರಡನೇದು, ಕರಿನ್ನ ತಡಿಯೋ ಜೀನ್ ಇರಬಾರದು. ಈ ತಡಿಯೋ ಜೀನ್ ಇರೋದು ಝಡ್ ಮ್ಯಾಲೆ, ಮತ್ತ ಅದು ಜೋರಿಂದು. ಹಳದಿ ಕಾಲು, ಬಿಳಿ ಕಾಲಿನ ಕೋಳಿಗೆ ಸಾಮಾನ್ಯವಾಗಿ ಈ ತಡಿಯೋ ಜೀನ್ ಇರತೈತಿ, ಕಡಕ್‌ನಾಥ್‌ಗೆ ಇಲ್ಲ. ಈಗ ನೀವೇ ಲೆಕ್ಕ ಹಾಕ್ರಿ. ಕೆಂಪು ಹ್ಯಾಟಿ ತನ್ನ ತಡಿಯೋ ಜೀನ್ ಮಗನಿಗೆ ಕೊಡತೈತಿ, ಮಗನ ಕಾಲು ಮಾರಿ ತಿಳಿ ಆಗತೈತಿ, ಅಲ್ಲಲ್ಲಿ ಕರಿ ಮಚ್ಚಿ ಇರಬೋದು ಅಷ್ಟೇ. ಮಗಳಿಗೆ ಆ ಜೀನ್ ಸಿಗಂಗಿಲ್ಲ, ಅಪ್ಪನ ಕರಿ ಯಾರೂ ತಡಿಯೋರಿಲ್ಲ, ಅಕಿ ಕಾಲು, ಮಾರಿ, ತೊಗಲು ಎಲ್ಲಾ ಕರಿ.

ಇದು ನನ್ನ ಹೊಸಾ ಶೋಧ ಏನಲ್ರಿ. ಇಂಗ್ಲೆಂಡಿನ್ಯಾಗ ಬೇಟ್ಸನ್, ಪನೆಟ್ ಅಂತ ಇಬ್ಬರು ವಿಜ್ಞಾನಿಗಳು ಸಿಲ್ಕಿ ಅನ್ನೋ ಕರಿ ತೊಗಲಿನ ಕೋಳಿನ್ನ ತಿಳಿ ಕಾಲಿನ ಕೋಳಿ ಜೋಡಿ ಕೂಡಿಸಿ ಇದನ್ನ 1911ರಾಗೇ ಬರದಿಟ್ರು. ಸಿಲ್ಕಿ ಒಳಗಿನ ಕರಿಗೂ ನಮ್ಮ ಕಡಕ್‌ನಾಥ್ ಕರಿಗೂ ಕಾರಣ ಒಂದೇ ಜೀನ್ ಬದಲಾವಣಿ ಅಂತ ಈಗ ಗೊತ್ತಾಗೈತಿ, ಹಿಂಗಾಗಿ ಅಲ್ಲಿ ನಡದದ್ದು ನಿಮ್ಮ ಹಿತ್ತಲದಾಗೂ ನಡೀತೈತಿ. ಅದೇ ಪನೆಟ್ ಮುಂದ ಮೊದಲನೇ ಮಹಾಯುದ್ಧದಾಗ, ಕಾಳಿಗೆ ಬರ ಬಂದಾಗ, ಮರಿ ಬಣ್ಣ ನೋಡಿ ಗಂಡು ಬ್ಯಾರೆ ಮಾಡಿದ್ರ ಕಾಳು ಉಳೀತೈತಿ ಅಂತ ದಾರಿ ತೋರಿಸಿದ್ರು. ನೂರು ವರ್ಷದ ಹಿಂದಿನ ಆ ಚಿಂತಿನೇ ಇವತ್ತು ನಿಮ್ಮದೂ ಐತಿ ನೋಡ್ರಿ, ಸಜ್ಜಿ ನುಚ್ಚು ಯಾರಿಗೆ ಹಾಕೋದು ಯಾರಿಗೆ ಬಿಡೋದು ಅಂತ.

ಆದ್ರ ಕಾಲು ನೋಡೋ ಮೊದಲು ತೊಳೀರಿ. ನಿಮ್ಮ ಕಡೆ ಎರಿ ಹೊಲ, ಎರಿ ಮಣ್ಣು ಹತ್ತಿದ ಕಾಲು ಎಲ್ಲಾ ಕರೀನೇ ಕಾಣ್ತಾವು. ಬೆಚ್ಚಗಿನ ನೀರಾಗ ಅರಿವಿ ಅದ್ದಿ ಒರಸಿ, ಬೆಳಿಗ್ಗೆ ಬಿಸಿಲು ಏರೋಕ್ಕಿಂತ ಮೊದಲು ಅಂಗಳದಾಗ ಕೂತು ಮರಿ ಕಾಲು ಮುಂದ ಮಾಡಿ ಹಿಡ್ಕೊಂಡು ನೋಡ್ರಿ, ಹುರುಪಿಯಷ್ಟೇ ಅಲ್ಲ, ಬೆರಳ ಸಂದಿ ತೊಗಲೂ ನೋಡ್ರಿ, ಅಂಗಾಲು ತಿರುಗಿಸಿ ನೋಡ್ರಿ. ಆಮ್ಯಾಲೆ ಕಣ್ಣ ಸುತ್ತಿನ ತೊಗಲು, ಕಿವಿ ಹತ್ರ. ಹ್ಯಾಟಿ ಮರಿಗೆ ಕಣ್ಣ ಸುತ್ತ ನೇರಳಿ ಹಣ್ಣು ತಿಂದ ನಾಲಗಿ ಬಣ್ಣ ಇರತೈತಿ. ಹುಂಜ ಮರಿಗೆ ಅಲ್ಲಿ ತಿಳಿಗೆಂಪು, ಬೂದಿ ಮಿಕ್ಸ್. ಎರಡು ಮರಿ ಎರಡೂ ಕೈಯಾಗ ಹಿಡದು ಪಕ್ಕಕ್ಕ ಪಕ್ಕ ಇಟ್ರ ಒಮ್ಮೆಲೇ ತಿಳೀತೈತಿ, ಒಂದೊಂದೇ ನೋಡಿದ್ರ ಗೊಂದಲ ಆಗತೈತಿ.

ಪಟ್ಟಿ ಹ್ಯಾಟಿಗೂ ಸಾಮಾನ್ಯವಾಗಿ ಹಳದಿ ಇಲ್ಲಾ ತಿಳಿ ಕಾಲು ಇರತೈತಿ. ಹ್ಯಾಟಿಗೆ ಇರೋದೇ ಒಂದು ಝಡ್, ಅದು ಇಡೀಕ್ಕಿಡೀ ಮಗನಿಗೆ ಹೋಗತೈತಿ, ಹಿಂಗಾಗಿ ಆ ಹ್ಯಾಟಿಯ ಗಂಡು ಮರಿಗೆ ಪಟ್ಟಿನೂ ತಿಳಿ ಕಾಲೂ ಜೋಡಿಲೇ ಬರ್ತಾವು. ಎರಡು ಗುರುತು ಒಂದೇ ಮಾತು ಹೇಳಿದ್ರ ಕಣ್ಮುಚ್ಚಿ ಹುಂಜ ಅನ್ರಿ.

ಇಲ್ಲಿ ಒಂದು ಕಡೆ ಎಚ್ಚರಾಗಿ ಇರಬೇಕು, ಇದನ್ನ ಎರಡು ಸಲ ಓದ್ರಿ. ಪಟ್ಟಿ ಇದ್ರ ಹುಂಜ, ಇದು ಖರೆ. ಕಾಲು ತಿಳಿ ಇದ್ರ ಹುಂಜ, ಇದೂ ಖರೆ. ಆದ್ರ ಪಟ್ಟಿ ಇಲ್ಲ, ಕಾಲು ಕರಿ ಐತಿ ಅಂದ ಕೂಡಲೇ ಹ್ಯಾಟಿ ಅಂತ ಅಲ್ಲ! ಯಾಕಂದ್ರ ನಿಮ್ಮ ಹಳೇ ಜವಾರಿ ಹ್ಯಾಟಿ ಕಾಲು ಕರಿಹಸರು ಅಂತ ಬರದೀರಿ. ಅಂದ್ರ ಅದಕ್ಕ ತಡಿಯೋ ಜೀನ್ ಇಲ್ಲ. ಅದರ ಮಗನಿಗೂ ತಡಿಯೋ ಜೀನ್ ಸಿಗಂಗಿಲ್ಲ, ಮಗನೂ ಕರಿ, ಮಗಳೂ ಕರಿ. ನೀವು ತತ್ತಿ ಕೂಡಿಸಿದ್ದಕ್ಕ ಈಗ ಕರಿ ಕಾಲಿನ ಗುಂಪಿನ್ಯಾಗ ಪಟ್ಟಿ ಹ್ಯಾಟಿ ಹೆಣ್ಮಕ್ಕಳು, ಕೆಂಪು ಹ್ಯಾಟಿ ಹೆಣ್ಮಕ್ಕಳು, ಅದರ ಜೋಡಿ ಜವಾರಿಯ ಗಂಡು ಹೆಣ್ಣು ಎರಡೂ ಸೇರ್ಕೊಂಡಾವು. ಆ ಗುಂಪಿನ್ಯಾಗ ಹೆಚ್ಚಿನವು ಹ್ಯಾಟಿನೇ ಇರ್ತಾವು, ಆದ್ರ ನಾಲ್ಕಾರು ಹುಂಜ ಅಡಗಿ ಕೂತಿರ್ತಾವು. ಅವನ್ನ ಬಣ್ಣದಿಂದ ಹೊರಗ ತಗಿಯಾಕ ಆಗಂಗಿಲ್ಲ, ಬ್ಯಾರೆ ಗುರುತು ಬೇಕು.

ಬೋಳು ಕುತ್ತಿಗಿದು ಹಗೂರ ಮುಗಿಸ್ತೀನಿ. ಕುತ್ತಿಗಿ ಬೋಳು ಮಾಡೋ ಜೀನ್ ಝಡ್ ಮ್ಯಾಲೆ ಇಲ್ಲ, ಅದರಿಂದ ಗಂಡು ಹೆಣ್ಣು ತಿಳಿಯಂಗಿಲ್ಲ. ಆದ್ರ ಅವ್ವ ಯಾರು ಅಂತ ತಿಳೀತೈತಿ, ನಿಮಗ ಅದೂ ಬೇಕಾಗಿದ್ದೇ. ಕುತ್ತಿಗಿ ಬೋಳು ಇದ್ದು ಮುಂದ ಎದಿ ಮ್ಯಾಲ್ಗಡೆ ಒಂದು ಗೊಂಚಲ ಪುಕ್ಕ ಇದ್ದ ಮರಿ ಅಷ್ಟೂ ಅದರ ಮಕ್ಕಳೇ, ಒಂದೇ ಪಾಲು ಜೀನ್ ಬಂದ್ರ ಆ ಗೊಂಚಲ ಉಳೀತೈತಿ. ಆ ಹ್ಯಾಟಿ ಕಾಲು ಯಾವ ಬಣ್ಣ ಅಂತ ನೀವು ಬರದಿಲ್ಲ, ಹಳದಿ ಇಲ್ಲಾ ಬಿಳಿ ಇದ್ರ ಕೆಂಪು ಹ್ಯಾಟಿ ಲೆಕ್ಕನೇ ಅದಕ್ಕೂ ಹಚ್ಚರಿ, ಕರಿ ಇದ್ರ ಜವಾರಿ ಲೆಕ್ಕ. ಮತ್ತ ಬೋಳು ಕುತ್ತಿಗಿ ಅಂತ ಅದನ್ನ ಮೊದಲು ಮಾರಾಕ ಹೋಗಬ್ಯಾಡ್ರಿ. ಏಪ್ರಿಲ್ ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟಿದಾಗ ಉಳದ ಕೋಳಿ ಬಾಯಿ ತಕ್ಕೊಂಡು ತೇಕತಿರ್ತಾವು, ಇದು ಮೈ ಮ್ಯಾಲೆ ಪುಕ್ಕ ಕಮ್ಮಿ ಇರೋದಕ್ಕ ಕಾವು ಹೊರಗ ಹಾಕಿ ತಡ್ಕೊಳ್ಳತೈತಿ.

ಜುಟ್ಟಿನ ಆಕಾರನೂ ಹಂಗೇ ಅವ್ವನ್ನ ತೋರಸತೈತಿ. ಕಡಕ್‌ನಾಥ್‌ಗೆ ಗರಗಸದಂಥಾ ಒಂದೇ ಸಾಲಿನ ಜುಟ್ಟು. ನಿಮ್ಮ ಜವಾರಿಗೆ ಸಣ್ಣ ಗಂಟು ಗಂಟಿನ ಚಪ್ಪಟಿ ಜುಟ್ಟು ಇದ್ದು, ಕೆಲವು ಮರಿಗೆ ಅದೇ ಥರದ್ದು ಬಂದಿದ್ರ ಅವು ಆ ಜವಾರಿ ಮಕ್ಕಳೇ, ಯಾಕಂದ್ರ ಸಾಲು ಜುಟ್ಟಿಗಿಂತ ಗಂಟು ಜುಟ್ಟು ಜೋರಿಂದು. ಅಪ್ಪ ಅವ್ವನ ಗುಣ ಮಕ್ಕಳಿಗೆ ಹೋಗೋದಕ್ಕ ಬಟಾಣಿ ಗಿಡದಾಗ ಮೆಂಡೆಲ್ ಅನ್ನೋ ವಿಜ್ಞಾನಿ ಕಂಡ ನಿಯಮ ಪ್ರಾಣಿಯಾಗೂ ನಡೀತೈತಿ ಅಂತ ಬೇಟ್ಸನ್ 1902ರಾಗ ತೋರಿಸಿದ್ದು ಕೋಳಿ ಜುಟ್ಟು ನೋಡೇ.

ಈಗ ಅಡಗಿ ಕೂತ ಹುಂಜ ಹುಡುಕೋಣ. ಸಾದಾ ಮರಿಯಾಗ ನಾಲ್ಕೈದು ವಾರಕ್ಕ ಯಾವ್ದರ ಜುಟ್ಟು ಕೆಂಪಗೈತೋ ಅದು ಹುಂಜ ಅಂತ ಎಲ್ಲಾರೂ ಹೇಳ್ತಾರ, ಬರೋಬರಿನೂ ಐತಿ, ಆದ್ರ ಕಡಕ್‌ನಾಥ್ ಮರಿಗೆ ಆ ಮಾತು ಹಚ್ಚಾಕ ಬರಂಗಿಲ್ರಿ. ಈ ಕರಿ ಮರಿಗೆ ಜುಟ್ಟು ಕರಿ, ನೇರಳಿ, ಕೆಂಪು ಸರಿಯಾಗಿ ಏರಂಗಿಲ್ಲ. ಬಣ್ಣ ಬಿಟ್ಟು ದಪ್ಪ ನೋಡ್ರಿ. ಬೆರಳ ತುದೀಲೆ ಜುಟ್ಟಿನ ಬುಡ ಮುಟ್ಟಿ ನೋಡ್ರಿ, ಹುಂಜ ಮರಿಗೆ ಬುಡ ದಪ್ಪ ಮೆತ್ತಗ ಇರತೈತಿ, ಹಲ್ಲು ಎದ್ದಿರ್ತಾವು, ಗಲ್ಲದ ಕೆಳಗ ಜೋಲು ಮೂಡಾಕತ್ತಿರ್ತಾವು. ಹ್ಯಾಟಿ ಮರಿಗೆ ಜುಟ್ಟು ಅಂದ್ರ ಗೀರು ಎಳದಂಗ, ತೆಳ್ಳಗ. ಕಾಲೂ ನೋಡ್ರಿ, ಹುಂಜ ಮರಿ ಕಾಲು ದಪ್ಪ, ನಿಂತ್ರ ಎದಿ ಎತ್ತಿ ನೆಟ್ಟಗ ನಿಲ್ಲತೈತಿ. ಆದ್ರ ಇವೆಲ್ಲ ಒಂದೇ ವಾರದಾಗ ಹುಟ್ಟಿದ ಮರಿ ನಡುವೆ ಹೋಲಿಸಬೇಕು, ಚಿಕ್ಕದು ದೊಡ್ಡದು ಕೂಡಿಸಿ ಹೋಲಿಸಿದ್ರ ತಪ್ಪತೈತಿ. ಗಂಟು ಜುಟ್ಟಿನ ಮರಿಯಾಗ ಜುಟ್ಟು ತಡಾ ಬೆಳೀತೈತಿ, ಅಸೀಲ್ ಅನ್ನೋ ಕಾಳಗದ ಕೋಳಿ ರಕ್ತ ಇದ್ದ ಮರಿ ಇಟ್ಟವ್ರು ಇದರಾಗೇ ಮೋಸ ಹೋಗ್ತಾರ, ಹ್ಯಾಟಿ ಅಂತ ಮೂರು ತಿಂಗಳು ಸಾಕಿರ್ತಾರ, ಕಡೀಕ ಅದು ಹುಂಜ.

ಪುಕ್ಕದಾಗ ಇನ್ನೊಂದು ಗುರುತು ಐತಿ. ಮಿಕ್ಸ್ ಕರಿ ಮರಿಯಾಗ ಎಂಟು ಹತ್ತು ವಾರ ಆಗೋ ಹೊತ್ತಿಗೆ ಹುಂಜಕ್ಕ ರೆಕ್ಕಿ ಭುಜದ ಮ್ಯಾಲೆ ಕೆಂಪು ಇಲ್ಲಾ ಬಂಗಾರದ ಬಣ್ಣ ಒಡದು ಬರತೈತಿ, ಮಚ್ಚಿ ಮಚ್ಚಿಯಾಗಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ, ಬಣ್ಣ ಚೆಲ್ಲಿದಂಗ. ಹ್ಯಾಟಿಗೆ ಬಣ್ಣ ಬಂದ್ರೂ ಕುತ್ತಿಗಿಗೆ, ಎದಿಗೆ ಸಣ್ಣಗ ಹದವಾಗಿ ಬರತೈತಿ, ಭುಜದ ಮ್ಯಾಲೆ ಹಂಗ ಕೆಂಪು ಚೆಲ್ಲಂಗಿಲ್ಲ. ನಿಮ್ಮ ಜವಾರಿ ಗಂಡು ಮರಿ ಇದರಾಗೇ ಸಿಗಬೀಳೋ ಸಾಧ್ಯತಿ ಜಾಸ್ತಿ.

ಎಲ್ಲಾದಕ್ಕೂ ಮಿಗಿಲಾದ ಗುರುತು ಸೊಂಟದ ಪುಕ್ಕ, ಬಾಲ ಶುರು ಆಗೋ ಮೊದಲು ಬೆನ್ನಿನ ಎರಡೂ ಕಡೆ ಇಳಿಬೀಳೋದು. ಹತ್ತು ಹನ್ನೆರಡು ವಾರಕ್ಕ ಹುಂಜಕ್ಕ ಅಲ್ಲಿ ಹೊಸಾ ಪುಕ್ಕ ಬರ್ತಾವು, ಸಣ್ಣಗ, ಉದ್ದಕ, ತುದಿ ಚೂಪು, ಎಣ್ಣಿ ಹಚ್ಚಿದಂಗ ಹೊಳೀತಾವು. ಹ್ಯಾಟಿಗೆ ಅದೇ ಜಾಗದಾಗ ಅಗಲಾದ ದುಂಡು ತುದಿ. ಇದು ತಳಿ ಮ್ಯಾಲೆ ನಿಂತಿಲ್ಲ, ಮೈಯಾಗಿನ ಹಾರ್ಮೋನ್ ಮ್ಯಾಲೆ ನಿಂತೈತಿ. ಜನ ತಿಳ್ಕೊಂಡಿರೋದು ಹುಂಜದ ಪುಕ್ಕ ಗಂಡು ಹಾರ್ಮೋನಿನಿಂದ ಬರತೈತಿ ಅಂತ, ಆದ್ರ ಹಂಗಿಲ್ಲ, ಬೀಜ ತಗದ ಹುಂಜಕ್ಕೂ ಆ ಚೂಪು ಪುಕ್ಕ ಬರ್ತಾವು. ಹ್ಯಾಟಿ ಮೈಯಾಗಿನ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಪುಕ್ಕನ್ನ ದುಂಡು ಮಾಡತೈತಿ, ಅದು ಇಲ್ಲಂದ್ರ ಚೂಪೇ ಬರತೈತಿ. ಹಿಂಗಾಗಿ ವಯಸ್ಸಾದ ಹ್ಯಾಟಿಯ ಅಂಡಾಶಯ ಕೆಟ್ರ, ಕೋಳಿಗೆ ಕೆಲಸ ಮಾಡೋದು ಎಡಗಡೆದು ಒಂದೇ, ಅದು ತತ್ತಿ ನಿಲ್ಲಿಸಿ ಹುಂಜದಂಥಾ ಪುಕ್ಕ ಬಿಡತೈತಿ, ಒಮ್ಮೊಮ್ಮೆ ಕೂಗತೈತಿ ಕೂಡ. ಹ್ಯಾಟಿ ಕೂಗಿದ್ರ ಮನಿಗೆ ಕೇಡು ಅಂತ ಅಂಜಿ ಅದನ್ನ ಕೊಯ್ತಾರ, ಅದು ಕೇಡಲ್ರಿ ಪಾಪ, ಅದರ ಹೊಟ್ಯಾಗಿನ ಬ್ಯಾನಿ.

ಕೆಲವ್ರು ಒಂದು ದಿನದ ಮರಿ ರೆಕ್ಕಿ ಬಿಡಿಸಿ ಮ್ಯಾಲಿನ ಸಾಲು ಕೆಳಗಿನ ಸಾಲು ಪುಕ್ಕ ಉದ್ದ ಗಿಡ್ಡ ನೋಡಿ ಹೇಳ್ರಿ ಅಂತಾರ. ಅದು ಹ್ಯಾಚರಿಯಾಗ ನಡೀತೈತಿ ಖರೆ, ಯಾಕಂದ್ರ ಅವ್ರು ತಡಾ ಪುಕ್ಕ ಬರೋ ಹ್ಯಾಟಿ, ಬೇಗ ಪುಕ್ಕ ಬರೋ ಹುಂಜ ಅಂತ ಆರಿಸೇ ಜೋಡಿ ಮಾಡಿರ್ತಾರ, ಆ ಜೀನೂ ಝಡ್ ಮ್ಯಾಲೇ ಐತಿ. ಮನಿ ಮಿಕ್ಸ್ ಮರಿಗೆ ಅದನ್ನ ಹಚ್ಚಿದ್ರ ರೂಪಾಯಿ ಚಿಮ್ಮಿ ನೋಡಿದಷ್ಟೇ ಗ್ಯಾರಂಟಿ. ಗುದದ್ವಾರ ಒತ್ತಿ ನೋಡೋ ಪದ್ಧತಿ ಜಪಾನಿನವ್ರು 1920ರ ದಶಕದಾಗ ಹುಡುಕಿದ್ದು, ಅದಕ್ಕ ವರ್ಷಗಟ್ಟಲೆ ಕೈ ಪಳಗಬೇಕು, ವಿಡಿಯೋ ನೋಡಿ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ, ಮರಿ ಹೊಟ್ಟಿ ಒಡದು ಸಾಯ್ತಾವು. ಚೂಪು ತತ್ತಿ ಗಂಡು ದುಂಡು ತತ್ತಿ ಹೆಣ್ಣು, ದಾರಕ್ಕ ಉಂಗುರ ಕಟ್ಟಿ ತತ್ತಿ ಮ್ಯಾಲೆ ತೂಗಿಸೋದು, ಮರಿ ಕುತ್ತಿಗಿ ಹಿಡದು ಎತ್ತಿದ್ರ ಕಾಲು ಮಡಚತೈತೋ ಇಲ್ಲೋ ಅನ್ನೋದು, ಇವ್ಯಾವೂ ನಡ್ಯಂಗಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಇವುಗಳ ಪೈಕಿನ ಹುಂಜ ಇಟ್ಕೊಂಡ್ರ ಗುರುತು ನಡೀತೈತೇನು ಅಂತ. ಇಲ್ಲಕ್ಕಾರ. ಈ ಲೆಕ್ಕ ಒಂದೇ ತಲಿಮಾರಿಗೆ ನಡೀತೈತಿ. ಈ ಸಲದ ಪಟ್ಟಿ ಹುಂಜಕ್ಕ ಒಂದು ಝಡ್ ಪಟ್ಟಿದು, ಒಂದು ಕರೀದು. ಅದು ಮಕ್ಕಳಿಗೆ ಎರಡರಾಗ ಯಾವ್ದಾರ ಒಂದು ಕೊಡತೈತಿ, ಮಗನಿಗೂ ಮಗಳಿಗೂ. ಹಿಂಗಾಗಿ ಪಟ್ಟಿ ಗಂಡು, ಪಟ್ಟಿ ಹೆಣ್ಣು, ಕರಿ ಗಂಡು, ಕರಿ ಹೆಣ್ಣು ನಾಲ್ಕೂ ಹುಟ್ಟತಾವು, ನಾನು ಆ ಸಂಘದವ್ರಿಗೆ ಮಾಡಿದ ತಪ್ಪು ಇದೇ. ಗುರುತು ಪ್ರತಿ ವರ್ಷ ಬೇಕಂದ್ರ ಹುಂಜ ಶುದ್ಧ ಕಡಕ್‌ನಾಥ್ ಇರಬೇಕು, ಅದೂ ಬ್ಯಾರೆ ಕಡೆಯಿಂದ ತಂದದ್ದು, ಯಾಕಂದ್ರ ಈಗಿನ ಹುಂಜಕ್ಕ ಅದರ ಮಗಳನ್ನೇ ಜೋಡಿ ಮಾಡಿದ್ರ ಮರಿ ಬಡಕಲಾಗ್ತಾವು. ಹುಂಜ ಕೊಳ್ಳೋ ಮುಂದ ಬಾಯಿ ತಗದು ನಾಲಗಿ ನೋಡ್ರಿ, ಅಂಗಾಲು ನೋಡ್ರಿ, ಅಲ್ಲಿ ತಿಳಿ ಮಚ್ಚಿ ಕಂಡ್ರ ಅದು ಮಿಕ್ಸ್, ಅದರಿಂದ ನಿಮಗ ಗುರುತು ಸಿಗಂಗಿಲ್ಲ. ಮತ್ತ ಜೋಡಿ ಉಲ್ಟಾ ಆದ್ರೂ ಕೆಡತೈತಿ. ಕಡಕ್‌ನಾಥ್ ಹ್ಯಾಟಿಗೆ ಶುದ್ಧ ಪಟ್ಟಿ ಹುಂಜ ಬಿಟ್ರ ಮರಿ ಗಂಡು ಹೆಣ್ಣು ಎಲ್ಲಾ ಪಟ್ಟಿ, ಎಲ್ಲಾ ತಿಳಿ ಕಾಲು.

ಮುಂದಿನ ಸಲ ತತ್ತಿ ಕೂಡಿಸೋ ಮುಂದ ಯಾವ ಹ್ಯಾಟಿದು ಅಂತ ಪೆನ್ಸಿಲ್‌ಲೆ ಬರೀರಿ, ಪೆನ್ ಬ್ಯಾಡ. ಒಂದು ವಾರ ಗಮನ ಕೊಟ್ಟು ನೋಡಿದ್ರ ಯಾರ ತತ್ತಿ ಯಾವ ಬಣ್ಣ, ಯಾವ ಆಕಾರ ಅಂತ ನಿಮಗೇ ಗೊತ್ತಾಗಿಬಿಡತೈತಿ, ಒಂದೊಂದು ಹ್ಯಾಟಿಗೆ ಒಂದೊಂದು ಅಚ್ಚು ಇರತೈತಿ. ಪಟ್ಟಿ ಹ್ಯಾಟಿ, ಕೆಂಪು ಹ್ಯಾಟಿ ತತ್ತಿ ಒಂದು ಕಾವಿಗೆ, ಜವಾರಿದು ಇನ್ನೊಂದು ಕಾವಿಗೆ ಇಡ್ರಿ, ಅಲ್ಲಿಗೆ ಇವತ್ತಿನ ಗೊಂದಲ ಮುಗೀತು. ಇನ್ನೊಂದು, ಓಣ್ಯಾಗ ಮಂದಿ ಹುಂಜ ತಿರುಗಾಡತಿರ್ತಾವು. ಹ್ಯಾಟಿ ಹೊಟ್ಯಾಗ ಹುಂಜದ ವೀರ್ಯ ಎರಡು ಮೂರು ವಾರ ಜೀವಂತ ಇರತೈತಿ, ಮೊನ್ನೆ ಮೊನ್ನೆ ಬಂದ ಪಕ್ಕದ ಮನಿ ಹುಂಜದ ಮರಿ ಇವತ್ತಿನ ತತ್ತಿಯಾಗ ಇರಬೋದು. ಹ್ಯಾಟಿಗಳನ್ನ ನಿಮ್ಮ ಹುಂಜದ ಜೋಡಿ ಮೂರು ವಾರ ಜಾಳಿಗಿ ಒಳಗ ಇಟ್ಟು ಆಮ್ಯಾಲಿನ ತತ್ತಿನೇ ಕಾವಿಗೆ ಹಾಕ್ರಿ.

ಈ 23 ಮರಿಗೆ ಮಾಡಬೇಕಾದ್ದು ಹೇಳ್ತೀನಿ. ನಾಳೆ ಬೆಳಿಗ್ಗೆ ಕಾಲು ತೊಳದು ಕೂತು ನೋಡ್ರಿ, ಪಟ್ಟಿ ಇದ್ದವು, ಕಾಲು ತಿಳಿ ಇದ್ದವು, ಇವುಗಳ ಕಾಲಿಗೆ ಕೆಂಪು ದಾರ ಸಡಿಲಾಗಿ ಕಟ್ರಿ, ಇವು ಹುಂಜ. ದಾರ ಹತ್ತು ದಿನಕ್ಕೊಮ್ಮೆ ಬಿಚ್ಚಿ ಕಟ್ರಿ, ಕಾಲು ದಪ್ಪ ಆದಂಗ ಕೊಯ್ತೈತಿ. ಉಳದ ಕರಿ ಕಾಲಿನವುಕ್ಕ ಏನೂ ಕಟ್ಟಬ್ಯಾಡ್ರಿ, ಅದರಾಗಿನ ದಪ್ಪ ಜುಟ್ಟಿನವುಕ್ಕ ಹಸರು ದಾರ, ಇವು ಸಂಶಯದ್ದು. ಗಂಡು ಹೆಣ್ಣು ಅರ್ಧ ಅರ್ಧ ಬರಲೇಬೇಕು ಅಂತ ಲೆಕ್ಕ ಹಾಕಬ್ಯಾಡ್ರಿ, ನೂರಾರು ಮರಿಯಾಗ ಅದು ಅರ್ಧಕ್ಕ ಬರತೈತಿ, 23ರಾಗ 15 ಹುಂಜ ಬಂದ್ರೂ ಆಶ್ಚರ್ಯ ಇಲ್ಲ. ಹಸರು ದಾರದವು ಹನ್ನೆರಡು ವಾರದ ತನಕ ಇರ್ಲಿ, ಸೊಂಟದ ಪುಕ್ಕ ಬಂದ ಮ್ಯಾಲೆ ತೀರ್ಮಾನ ಮಾಡ್ರಿ, ಜಾತ್ರಿ ಅದಕ್ಕೂ ಮೊದಲು ಬಂದ್ರ ಕೆಂಪು ದಾರದವು ಮಾತ್ರ ಒಯ್ರಿ. ಒಯ್ದಾಗ ಕರಿ ಬಣ್ಣ ನೋಡಿ ಯಾರರೆ ಕಡಕ್‌ನಾಥ್ ಏನ್ರಿ ಅಂತ ಕೇಳಿದ್ರ ಮಿಕ್ಸ್ ಐತ್ರಿ ಅಂತ ಹೇಳಿ ಮಾರ್ರಿ, ಅವ್ರು ಅದನ್ನ ತಳಿಗೆ ಇಟ್ಕೊಂಡ್ರ ಅವ್ರ ಲೆಕ್ಕನೂ ತಪ್ಪತೈತಿ. ಬೋಳು ಕುತ್ತಿಗಿ ಹ್ಯಾಟಿ ಕಾಲಿನ ಬಣ್ಣ ಒಂದು ಬರದು ಕಳಸ್ರಿ, ಅದರ ಮರಿಗಳದ್ದು ಆಮ್ಯಾಲೆ ಹೇಳ್ತೀನಿ.